ಪಿಕಪ್‌ನ ಮುಂದಿನ ಲೋಯರ್ ಆರ್ಮ್ ಬುಷ್‌ಗಳನ್ನು ಪ್ರೆಸ್ ಇಲ್ಲದೆ ಮನೆಯಲ್ಲೇ ಬದಲಾಯಿಸಬಹುದೇ?

ಪ್ರಶ್ನೆ

ನಮಸ್ಕಾರ. ನನ್ನ ಬಳಿ ಇರುವುದು ಹದಿನಾಲ್ಕು ವರ್ಷ ಹಳೆಯ, ಛಾಸಿಯ ಮೇಲೆ ಬಾಡಿ ಕೂರಿಸಿದ ಡೀಸೆಲ್ ಪಿಕಪ್. ಮುಂಭಾಗದ ಎರಡೂ ಬದಿಗಳಲ್ಲಿ ಚಕ್ರವನ್ನು ಛಾಸಿಗೆ ಜೋಡಿಸುವ ಆರ್ಮ್ ಮೇಲೊಂದು, ಕೆಳಗೊಂದು (ಲೋಯರ್ ಆರ್ಮ್) ಇದ್ದು, ಕಾಯಿಲ್ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದೇ ಜೋಡಣೆಯಾಗಿ ಅವುಗಳ ನಡುವೆ ನಿಂತಿವೆ. ಕೆಲವು ತಿಂಗಳಿಂದ ಬ್ರೇಕ್ ಒತ್ತಿದಾಗ ಎಡ ಮುಂದಿನ ಚಕ್ರದ ಕಡೆಯಿಂದ ‘ದಡ್’ ಎಂದು ಒಂದೇ ಒಂದು ಶಬ್ದ ಬರುತ್ತದೆ. ನಿಂತ ಗಾಡಿ ಮತ್ತೆ ಹೊರಟಾಗ ಅದೇ ಶಬ್ದ ಇನ್ನೊಮ್ಮೆ ಕೇಳುತ್ತದೆ. ನೇರ ರಸ್ತೆಯಲ್ಲೂ ಸ್ಟೀರಿಂಗನ್ನು ಸದಾ ಸಣ್ಣಗೆ ತಿದ್ದುತ್ತಲೇ ಇರಬೇಕಾಗಿದೆ, ಎಡ ಟೈರಿನ ಒಳ ಅಂಚು ಹೊರ ಅಂಚಿಗಿಂತ ಬೇಗ ಸವೆದಿದೆ. ಗ್ಯಾರೇಜೊಂದರಲ್ಲಿ ಶಾಕ್ ಅಬ್ಸಾರ್ಬರ್ ಹೋಗಿದೆ ಎಂದರು. ಎರಡನ್ನೂ ಹೊಸದಾಗಿ ಹಾಕಿಸಿದ ಮೇಲೂ ಶಬ್ದ ಹಾಗೆಯೇ ಉಳಿಯಿತು.

ಕಳೆದ ವಾರ ಕೆಳಗೆ ಮಲಗಿ ಟಾರ್ಚ್ ಹಿಡಿದು ನೋಡಿದೆ. ಲೋಯರ್ ಆರ್ಮ್ ಛಾಸಿಗೆ ಸೇರುವಲ್ಲಿರುವ ಎರಡು ಬುಷ್‌ಗಳಲ್ಲಿ (ಹೊರಗಿನ ಉಕ್ಕಿನ ಕವಚಕ್ಕೂ ಒಳಗಿನ ಸ್ಲೀವ್ ಎಂಬ ಕೊಳವೆಗೂ ನಡುವೆ ರಬ್ಬರ್ ಇರುವ ಜೋಡಣೆ) ಹಿಂದಿನದರ ರಬ್ಬರ್ ಅರ್ಧ ಸುತ್ತಿನಷ್ಟು ಹರಿದು, ಆ ಬಿರುಕಿನಿಂದ ಕಪ್ಪು ಪುಡಿ ಉದುರುತ್ತಿತ್ತು. ಒಳಗಿನ ಸ್ಲೀವ್ ನಡುವಿನಲ್ಲಿರದೆ ಒಂದು ಪಕ್ಕಕ್ಕೆ ಕುಸಿದಿತ್ತು. ಮುಂದಿನ ಬುಷ್ ಮೇಲ್ನೋಟಕ್ಕೆ ಪರವಾಗಿಲ್ಲ ಎನಿಸಿದರೂ ಅಂಚಿನಲ್ಲಿ ಕೂದಲೆಳೆಯಂಥ ಸೀಳುಗಳಿವೆ.

ಬ್ರೇಕ್ ಪ್ಯಾಡ್, ಬೇರಿಂಗ್, ಟೈ ರಾಡ್ ತುದಿಗಳನ್ನು ನಾನೇ ಬದಲಾಯಿಸಿದ ಅನುಭವವಿದೆ, ಬಿಗಿಯುವ ತಿರುಚು ಬಲವನ್ನು (ಟಾರ್ಕ್) ಅಳೆಯುವ ಟಾರ್ಕ್ ರೆಂಚ್ ಇದೆ, ಆದರೆ ಹೈಡ್ರಾಲಿಕ್ ಪ್ರೆಸ್ ಇಲ್ಲ. ಬುಷ್ ಅನ್ನು ಆರ್ಮ್‌ನಿಂದ ಹೊರತೆಗೆದು ಹೊಸದನ್ನು ಕೂರಿಸುವ ಕೆಲಸವನ್ನು ಪ್ರೆಸ್ ಇಲ್ಲದೆ ಆರ್ಮ್‌ಗೆ ಹಾನಿಯಾಗದಂತೆ ಮಾಡಲು ಸಾಧ್ಯವೇ? ಆರ್ಮ್ ಹಿಡಿದಿರುವ, ತಿರುಗಿಸಿ ಚಕ್ರದ ಕೋನ ಹೊಂದಿಸಲು ಇರುವ ಕ್ಯಾಮ್ ಬೋಲ್ಟ್‌ಗಳು ತುಕ್ಕು ಹಿಡಿದು ಜಗ್ಗುತ್ತಿಲ್ಲ, ಅವುಗಳನ್ನು ಹೇಗೆ ಬಿಡಿಸಬೇಕು? ರಬ್ಬರ್ ಬದಲು ಪಾಲಿಯುರೆಥೇನ್ ಬುಷ್ ಹಾಕಿದರೆ ಹೆಚ್ಚು ಕಾಲ ಬಾಳುತ್ತದೆ ಎನ್ನುವುದು ನಿಜವೇ? ಈ ಕೆಲಸವನ್ನು ಕೈಯಾರೆ ಮಾಡಿದವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1

ತಾವು ಬರೆದಿರುವ ಲಕ್ಷಣಗಳು ಲೋಯರ್ ಆರ್ಮ್ ಬುಷ್‌ಗೆ ಚೆನ್ನಾಗಿ ಹೊಂದುತ್ತವೆ. ಬ್ರೇಕ್ ಹಿಡಿದಾಗ ರಸ್ತೆ ಟೈರನ್ನು ಹಿಂದಕ್ಕೆ ತಳ್ಳುತ್ತದೆ, ಆ ಬಲದ ಹೆಚ್ಚಿನ ಪಾಲನ್ನು ಕೆಳಗಿನ ಆರ್ಮ್ ಹೊರುತ್ತದೆ. ರಬ್ಬರ್ ಹರಿದಿದ್ದರೆ ಇಡೀ ಆರ್ಮ್ ಹಿಂದಕ್ಕೆ ಜಾರಿ ಲೋಹಕ್ಕೆ ಲೋಹ ತಾಗುತ್ತದೆ, ಹೊರಟಾಗ ಅದೇ ದಾರಿಯಲ್ಲಿ ವಾಪಸ್ ಬರುತ್ತದೆ. ಹೀಗಾಗಿಯೇ ಹೋಗುವಾಗ ಒಂದು ಶಬ್ದ, ಬರುವಾಗ ಒಂದು ಶಬ್ದ. ಶಾಕ್ ಅಬ್ಸಾರ್ಬರ್ ಹೋಗಿದ್ದರೆ ಗಾಡಿ ಗುಂಡಿ ಹಾರಿದ ಮೇಲೆ ಹಲವು ಬಾರಿ ಕುಣಿಯುತ್ತದೆ, ಬ್ರೇಕ್ ಹಿಡಿದಾಗ ಮಾತ್ರ ಹೀಗೆ ಒಂದೇ ಬಾರಿ ಬಡಿಯುವುದು ಅಪರೂಪ.

ಆದರೂ ಬಿಚ್ಚುವ ಮೊದಲು ಖಚಿತಪಡಿಸಿಕೊಳ್ಳಿ. ಒಂದು ಮೊಬೈಲ್ ಫೋನನ್ನು ಚಕ್ರದ ದಾರಿಯಿಂದ ದೂರವಾಗಿ, ಬುಷ್ ಕಾಣುವಂತೆ ನೆಲದ ಮೇಲಿಟ್ಟು ವಿಡಿಯೊ ಚಾಲೂ ಮಾಡಿ, ಇನ್ನೊಬ್ಬರಿಂದ ಗಾಡಿಯನ್ನು ಒಂದು ಅಡಿ ಮುಂದೆ, ಒಂದು ಅಡಿ ಹಿಂದೆ ನಿಧಾನವಾಗಿ ಚಲಿಸಿ ಬ್ರೇಕ್ ಹಿಡಿಸಿ. ಹೀಗೆ ಓಡಿಸುವಾಗ ಯಾರೂ ಗಾಡಿಯ ಕೆಳಗಾಗಲೀ ಎದುರಾಗಲೀ ಇರಬಾರದು. ಚಕ್ರದ ಮೇಲೆ ಭಾರವಿರುವಾಗ ಬುಷ್ ಎಷ್ಟು ಜಾರುತ್ತದೆ ಎನ್ನುವುದು ಆ ವಿಡಿಯೊದಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಗಾಡಿ ಎತ್ತಿ ಹಾರೆಯಿಂದ ಮೀಟಿದಾಗಲೂ ಕಾಣುವುದಿಲ್ಲ. ಆರ್ಮ್‌ನ ಹೊರ ತುದಿಯನ್ನು ಚಕ್ರದ ಕಡೆಗೆ ಜೋಡಿಸುವ ಬಾಲ್ ಜಾಯಿಂಟ್‌ಗಳನ್ನೂ ತಿರುವಿನಲ್ಲಿ ಗಾಡಿ ವಾಲುವುದನ್ನು ತಗ್ಗಿಸುವ ಸ್ಟೆಬಿಲೈಸರ್ ಬಾರ್‌ನ ಲಿಂಕ್‌ಗಳನ್ನೂ ಇದೇ ಹೊತ್ತಿಗೆ ಪರೀಕ್ಷಿಸಿಬಿಡಿ. ಬಾಲ್ ಜಾಯಿಂಟ್ ಕೂಡ ಸಡಿಲವಾಗಿದ್ದರೆ, ಬುಷ್‌ಗಳೂ ಬಾಲ್ ಜಾಯಿಂಟೂ ಸೇರಿಯೇ ಬರುವ ಪೂರ್ಣ ಲೋಯರ್ ಆರ್ಮ್ ಹಾಕುವುದು ಜಾಣತನ. ಆಗ ತಮ್ಮ ಮೊದಲ ಪ್ರಶ್ನೆಯೇ ಉಳಿಯುವುದಿಲ್ಲ. ಬಾಲ್ ಜಾಯಿಂಟ್ ಗಟ್ಟಿಯಾಗಿದ್ದು ಆರ್ಮ್ ಬಾಗಿರದಿದ್ದರೆ ಬುಷ್ ಮಾತ್ರ ಬದಲಾಯಿಸುವುದು ಸರಿ, ಆದರೆ ಹರಿದದ್ದೊಂದೇ ಅಲ್ಲ, ಎರಡೂ ಬದಿಯ ನಾಲ್ಕನ್ನೂ ಬದಲಾಯಿಸಿ. ಒಂದು ಬದಿ ಹೊಸ ರಬ್ಬರ್, ಇನ್ನೊಂದು ಬದಿ ಹದಿನಾಲ್ಕು ವರ್ಷದ ರಬ್ಬರ್ ಇದ್ದರೆ ಬ್ರೇಕ್ ಹಿಡಿದಾಗ ಗಾಡಿ ಒಂದು ಕಡೆಗೆ ಎಳೆಯಬಹುದು.

ಎಂಜಿನ್ ಎಣ್ಣೆ ಅಥವಾ ಸ್ಟೀರಿಂಗ್ ಎಣ್ಣೆ ಆ ಬುಷ್‌ನ ಮೇಲೆ ತೊಟ್ಟಿಕ್ಕುತ್ತಿದೆಯೇ ಎಂದೂ ನೋಡಿ. ಖನಿಜ ತೈಲ ತಾಗಿದ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಸೋರಿಕೆ ನಿಲ್ಲಿಸದೆ ಹೊಸ ಬುಷ್ ಹಾಕಿದರೆ ಅದಕ್ಕೂ ಅದೇ ಗತಿ.

ಇನ್ನು ಸುರಕ್ಷತೆಯ ವಿಷಯ. ಹಿಂದಿನ ಚಕ್ರಗಳಿಗೆ ಮುಂದೆಯೂ ಹಿಂದೆಯೂ ಗಟ್ಟಿ ಮರದ ತುಂಡು ಕೊಡಿ. ಛಾಸಿಯ ಕೆಳಗೆ ಎರಡೂ ಬದಿ ಜಾಕ್ ಸ್ಟ್ಯಾಂಡ್ ನಿಲ್ಲಿಸಿ, ಗಾಡಿಯನ್ನು ಪಕ್ಕದಿಂದ ಜೋರಾಗಿ ತಳ್ಳಿ ಅಲುಗಾಡುವುದಿಲ್ಲ ಎಂದು ಖಾತ್ರಿಯಾದ ಮೇಲೆಯೇ ಕೆಳಗೆ ಕೈ ಹಾಕಿ. ಜಾಕ್ ಎತ್ತುವುದಕ್ಕೆ ಇರುವ ಸಾಧನ, ಹೊತ್ತು ನಿಲ್ಲುವುದಕ್ಕಲ್ಲ. ತಮ್ಮ ಗಾಡಿಯಲ್ಲಿ ಸ್ಪ್ರಿಂಗ್ ಮತ್ತು ಶಾಕ್ ಒಂದೇ ಜೋಡಣೆಯಾಗಿರುವುದರಿಂದ, ತುದಿಯ ಪ್ಲೇಟನ್ನು ಛಾಸಿಗೆ ಹಿಡಿದಿರುವ ಸುತ್ತಲಿನ ನಟ್‌ಗಳನ್ನಷ್ಟೇ ಬಿಚ್ಚಬಹುದು. ನಟ್ಟನಡುವಿನ ನಟ್ಟನ್ನು ಯಾವ ಕಾರಣಕ್ಕೂ ಮುಟ್ಟಬೇಡಿ. ಒತ್ತಿದ ಸ್ಪ್ರಿಂಗನ್ನು ಹಿಡಿದಿರುವುದು ಅದೊಂದೇ. ಇದನ್ನು ಓದುವ ಬೇರೆಯವರ ಗಾಡಿಯಲ್ಲಿ ಸ್ಪ್ರಿಂಗ್ ಬೇರೆಯಾಗಿ ಲೋಯರ್ ಆರ್ಮ್ ಮೇಲೆ ಕುಳಿತಿದ್ದರೆ, ಅಥವಾ ಕಾಯಿಲ್ ಬದಲು ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಸರಳು) ಇದ್ದರೆ, ಮೊದಲು ಆ ಬಿಗಿತವನ್ನು ಅದಕ್ಕೆಂದೇ ಇರುವ ಸಾಧನದಿಂದ ಇಳಿಸಬೇಕು. ಅವರಿಗೆ ಕೆಳಗಿನ ಉತ್ತರಗಳಷ್ಟೇ ಸಾಲವು.

ಉತ್ತರ 2

ಪ್ರೆಸ್ ಇಲ್ಲದೆ ಸಾಧ್ಯ. ನಾನು ಎರಡು ಗಾಡಿಗಳಿಗೆ ಹೀಗೆಯೇ ಮಾಡಿದ್ದೇನೆ. ಆದರೆ ಸುತ್ತಿಗೆಯಿಂದ ಬಡಿದು ಕೂರಿಸುವ ಯೋಚನೆಯಿದ್ದರೆ ಬಿಟ್ಟುಬಿಡಿ. ಹೊರಗಿನ ಉಕ್ಕಿನ ಕವಚ ತೆಳ್ಳಗಿರುತ್ತದೆ, ಒಂದು ಏಟು ಓರೆಯಾಗಿ ಬಿದ್ದರೂ ಅಂಚು ಮಡಚಿಕೊಂಡು ಹೊಸ ಬುಷ್ ಹಾಳಾಗುತ್ತದೆ.

ಹೊರತೆಗೆಯುವ ಮೊದಲು ಆರ್ಮ್ ಅನ್ನು ತೊಳೆದು ಒಣಗಿಸಿ, ಬುಷ್ ಯಾವ ದಿಕ್ಕಿಗೆ ಕುಳಿತಿದೆ ಎಂಬುದರ ಫೋಟೊ ತೆಗೆದಿಟ್ಟುಕೊಳ್ಳಿ. ಕೆಲವು ಬುಷ್‌ಗಳ ರಬ್ಬರಿನಲ್ಲಿ ಬೇಕೆಂದೇ ಬಾಳೆಕಾಯಿಯ ಆಕಾರದ ಖಾಲಿ ಜಾಗ ಬಿಟ್ಟಿರುತ್ತಾರೆ. ಖಾಲಿ ಇರುವ ದಿಕ್ಕಿಗೆ ಬುಷ್ ಮೃದು, ತುಂಬಿರುವ ದಿಕ್ಕಿಗೆ ಗಡಸು. ರಸ್ತೆಯ ಗುದ್ದನ್ನು ನುಂಗಬೇಕಾದ ದಿಕ್ಕು ಒಂದು, ಚಕ್ರವನ್ನು ಗಟ್ಟಿಯಾಗಿ ಹಿಡಿಯಬೇಕಾದ ದಿಕ್ಕು ಇನ್ನೊಂದು. ಅದನ್ನು ಕಾಲು ಸುತ್ತು ತಿರುಗಿಸಿ ಕೂರಿಸಿದರೆ ನೋಡಲು ಎಲ್ಲವೂ ಸರಿಯಾಗಿಯೇ ಕಾಣುತ್ತದೆ, ಗಾಡಿ ಮಾತ್ರ ಹೇಳಿದ ಹಾಗೆ ಕೇಳುವುದಿಲ್ಲ. ಹೀಗಾಗಿ ಹಳೆಯ ಬುಷ್‌ನ ಗುರುತಿಗೆ ನೇರವಾಗಿ ಆರ್ಮ್ ಮೇಲೆ ಪಂಚ್‌ನಿಂದ ಚುಕ್ಕೆ ಹಾಕಿ. ಕವಚದ ಅಂಚು ಆರ್ಮ್‌ನ ಅಂಚಿನಿಂದ ಎಷ್ಟು ಹೊರಗಿದೆ ಎಂಬುದನ್ನೂ ಎರಡು ಬದಿಯಲ್ಲಿ ಅಳೆದು ಬರೆದಿಡಿ.

ಹೊರತೆಗೆಯಲು ನಾನು ಬಳಸುವುದು ಥ್ರೆಡ್ ರಾಡ್, ದಪ್ಪ ವಾಷರ್‌ಗಳು ಮತ್ತು ಎರಡು ಕಬ್ಬಿಣದ ಕೊಳವೆಯ ತುಂಡುಗಳು. ಒಂದು ಕೊಳವೆಯ ಒಳಕ್ಕೆ ಬುಷ್ ಸಲೀಸಾಗಿ ಜಾರಿ ಬರುವಷ್ಟು ಜಾಗವಿದ್ದು, ಅದರ ಅಂಚು ಆರ್ಮ್‌ನ ಮೇಲೆ ಸುತ್ತಲೂ ಸಮವಾಗಿ ಕೂರಬೇಕು. ಇನ್ನೊಂದರ ಹೊರ ಅಳತೆ ಬುಷ್‌ನ ಕವಚಕ್ಕಿಂತ ಕೂದಲೆಳೆಯಷ್ಟು ಕಡಿಮೆ ಇರಬೇಕು. ಸರಿಯಾದ ಅಳತೆಯ ದೊಡ್ಡ ಸಾಕೆಟ್ ಸಿಕ್ಕರೆ ಅದೂ ಆಗುತ್ತದೆ. ರಾಡ್ ಒಳ ಸ್ಲೀವ್‌ನ ರಂಧ್ರದಲ್ಲಿ ಹಾಯ್ದು ಎರಡನ್ನೂ ಒಂದರೆಡೆಗೆ ಒಂದು ಎಳೆಯುತ್ತದೆ. ರಾಡ್ ಸಾಮಾನ್ಯ ಕಬ್ಬಿಣದ್ದಾದರೆ ಎಳೆ ಕಿತ್ತು ಬರುತ್ತದೆ, 8.8 ಅಥವಾ ಅದಕ್ಕಿಂತ ಮೇಲಿನ ದರ್ಜೆಯದೇ ಬೇಕು. ಎಳೆಗಳಿಗೂ ವಾಷರ್‌ಗಳ ನಡುವೆಯೂ ಗ್ರೀಸ್ ಹಚ್ಚಿ, ಕೈಯಿಂದಲೇ ಸ್ಪ್ಯಾನರ್ ತಿರುಗಿಸಿ. ರಾಡ್‌ನ ನೇರಕ್ಕೆ ಮುಖ ಇಡಬೇಡಿ, ಕಣ್ಣಿಗೆ ಕನ್ನಡಕ ಇರಲಿ. ಆರ್ಮ್‌ನ ಎರಡು ಕಿವಿಗಳ ನಡುವೆ ಟೊಳ್ಳಿದ್ದರೆ ಅಲ್ಲಿ ಸರಿಯಾದ ಅಳತೆಯ ಕಬ್ಬಿಣದ ತುಂಡೊಂದನ್ನು ಅಡ್ಡ ಕೊಡಿ, ಇಲ್ಲದಿದ್ದರೆ ಬುಷ್ ಜಾರುವ ಬದಲು ಕಿವಿಗಳೇ ಒಳಕ್ಕೆ ಬಾಗುತ್ತವೆ.

ಹಳೆಯ ಬುಷ್ ಅಲುಗದಿದ್ದರೆ ರಬ್ಬರಿನಲ್ಲಿ ಸುತ್ತಲೂ ಹತ್ತಿರ ಹತ್ತಿರ ಡ್ರಿಲ್ ಹಾಕಿ ಒಳ ಸ್ಲೀವ್ ಅನ್ನು ಕಿತ್ತು, ಉಳಿದ ಕವಚವನ್ನು ಹ್ಯಾಕ್ಸಾ ಬ್ಲೇಡಿನಿಂದ ಒಳಗಿನಿಂದ ಉದ್ದಕ್ಕೆ ಕೊಯ್ಯಿರಿ. ಬ್ಲೇಡು ಕವಚವನ್ನು ದಾಟಿ ಆರ್ಮ್‌ಗೆ ತಾಗುವ ಮೊದಲೇ ನಿಲ್ಲಿಸಿ, ಮಿಕ್ಕ ತೆಳು ಪದರವನ್ನು ಉಳಿಯಿಂದ ಒಳಕ್ಕೆ ಮಡಚಿದರೆ ಬಿಗಿತ ಬಿಟ್ಟುಹೋಗುತ್ತದೆ. ರಬ್ಬರಿಗೆ ಬೆಂಕಿ ಹಚ್ಚಿ ಸುಡುವ ಪದ್ಧತಿಯನ್ನು ಹಲವರು ಹೇಳುತ್ತಾರೆ. ಆ ಹೊಗೆ ವಿಷ, ಮತ್ತು ಒಳಗೆ ದ್ರವ ತುಂಬಿದ ಬುಷ್ ಆಗಿದ್ದರೆ ಅದು ಸಿಡಿಯಬಹುದು. ದಯವಿಟ್ಟು ಬೇಡ. ಆರ್ಮ್ ಅಲ್ಯುಮಿನಿಯಂನದಾದರೆ ಬೆಂಕಿ ತಾಗಿಸಲೇಬಾರದು, ಅದರ ಗಟ್ಟಿತನವೇ ಇಳಿದುಹೋಗುತ್ತದೆ.

ಹೊಸ ಬುಷ್ ಕೂರಿಸುವಾಗ ರಂಧ್ರವನ್ನು ಎಮರಿ ಕಾಗದದಿಂದ ತುಕ್ಕು ಹೋಗುವಷ್ಟು ಮಾತ್ರ ಉಜ್ಜಿ. ಬುಷ್ ಅನ್ನು ಫ್ರೀಜರಿನಲ್ಲಿ ರಾತ್ರಿಯಿಡೀ ಇಟ್ಟರೆ ಸುಲಭವಾಗಿ ಜಾರುತ್ತದೆ ಎನ್ನುವ ಮಾತಿದೆ. ಲೆಕ್ಕ ಹಾಕಿ ನೋಡಿ: 60 ಮಿಲಿಮೀಟರ್ ವ್ಯಾಸದ ಉಕ್ಕಿನ ಕವಚ 25 ಡಿಗ್ರಿಯಿಂದ ಮೈನಸ್ 18 ಡಿಗ್ರಿಗೆ ಇಳಿದಾಗ ಕುಗ್ಗುವುದು ಮಿಲಿಮೀಟರಿನ ನೂರರಲ್ಲಿ ಮೂರು ಪಾಲು ಮಾತ್ರ. ಶುರುವಿನಲ್ಲಿ ನೇರವಾಗಿ ಹಿಡಿದುಕೊಳ್ಳಲು ಅಷ್ಟು ಸಹಾಯವಾಗುತ್ತದೆ, ಪ್ರೆಸ್‌ನ ಕೆಲಸವನ್ನು ಅದು ಮಾಡಿಬಿಡುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಒತ್ತಡ ಬೀಳಬೇಕಾದ್ದು ಹೊರಗಿನ ಕವಚದ ಅಂಚಿನ ಮೇಲೆ. ಒಳ ಸ್ಲೀವ್ ಮೇಲೆ ಒತ್ತಿದರೆ ರಬ್ಬರ್ ಕವಚದಿಂದ ಕಿತ್ತುಬರುತ್ತದೆ, ಅದು ಹೊರಗಿನಿಂದ ಕಾಣುವುದೂ ಇಲ್ಲ.

ಉತ್ತರ 3

ಕ್ಯಾಮ್ ಬೋಲ್ಟ್ ಬಗ್ಗೆ ಮಾತ್ರ ಹೇಳುತ್ತೇನೆ, ಏಕೆಂದರೆ ಈ ಕೆಲಸದಲ್ಲಿ ನನ್ನ ಎರಡು ದಿನಗಳನ್ನು ತಿಂದದ್ದು ಅದೇ.

ಸಾಮಾನ್ಯವಾಗಿ ನಟ್ ಸಲೀಸಾಗಿ ಬಿಚ್ಚಿಬರುತ್ತದೆ, ಬೋಲ್ಟ್ ಬರುವುದಿಲ್ಲ. ಬೋಲ್ಟಿನ ನಯವಾದ ಕಾಂಡವೂ ಬುಷ್‌ನ ಒಳ ಸ್ಲೀವೂ ತುಕ್ಕಿನಿಂದ ಒಂದಾಗಿಬಿಟ್ಟಿರುತ್ತವೆ. ಅದನ್ನು ತಿರುಗಿಸಲು ಹೋದರೆ ಹಳೆಯ ರಬ್ಬರ್ ಜೊತೆಗೇ ತಿರುಚಿಕೊಂಡು ಮತ್ತೆ ವಾಪಸ್ ಬರುತ್ತದೆ, ಬೋಲ್ಟ್ ಸಡಿಲವಾಯಿತೆಂಬ ಭ್ರಮೆ ಹುಟ್ಟುತ್ತದೆ. ಅಷ್ಟರಲ್ಲಿ ಬ್ರ್ಯಾಕೆಟ್‌ನಲ್ಲಿ ಕ್ಯಾಮ್ ಅನ್ನು ಹಿಡಿದಿರುವ ಎರಡು ತುಟಿಗಳು ಅಗಲವಾಗಿರುತ್ತವೆ. ಆ ತುಟಿಗಳು ಛಾಸಿಯ ಭಾಗ. ಅವು ಬಾಗಿದರೆ ಮುಂದೆ ಅಲೈನ್‌ಮೆಂಟ್ (ಚಕ್ರಗಳ ಕೋನಗಳ ಹೊಂದಾಣಿಕೆ) ನಿಲ್ಲುವುದೇ ಇಲ್ಲ. ಆದ್ದರಿಂದ ಉದ್ದ ಹಿಡಿಕೆಯಿಂದ ಬೋಲ್ಟನ್ನು ಬಲವಂತವಾಗಿ ತಿರುಗಿಸಬೇಡಿ.

ಮೊದಲು ಕ್ಯಾಮ್ ವಾಷರ್ ಇರುವ ಸ್ಥಾನವನ್ನು ಬ್ರ್ಯಾಕೆಟ್ ಮೇಲೆ ಗೀರಿ ಗುರುತಿಸಿ, ಫೋಟೊ ತೆಗೆಯಿರಿ. ತುಕ್ಕು ಬಿಡಿಸುವ ಎಣ್ಣೆಯನ್ನು ಮೂರು ನಾಲ್ಕು ದಿನ ಬೆಳಗ್ಗೆ ಸಂಜೆ ಹಾಕುತ್ತಾ ಬನ್ನಿ. ನಟ್ಟನ್ನು ಬೋಲ್ಟಿನ ತುದಿಯವರೆಗೆ ಹಿಂದಕ್ಕೆ ತಂದು, ಎಳೆ ಹಾಳಾಗದಂತೆ ನಟ್‌ನ ಮೇಲೆಯೇ ಹೊಡೆದು ನೋಡಿ. ನಾಲ್ಕೈದು ಗಟ್ಟಿ ಏಟಿಗೆ ಕದಲದಿದ್ದರೆ ಅದು ಬರುವುದಿಲ್ಲವೆಂದು ಒಪ್ಪಿಕೊಂಡು ಕತ್ತರಿಸಿ. ಬುಷ್‌ನ ತುದಿಗೂ ಬ್ರ್ಯಾಕೆಟ್‌ಗೂ ನಡುವಿನ ಸಂದಿಯಲ್ಲಿ ಲೋಹ ಕೊಯ್ಯುವ ಬ್ಲೇಡು ಹಾಕಿದ ಯಂತ್ರ ಗರಗಸದಿಂದ ಎರಡೂ ಕಡೆ ಕೊಯ್ದರೆ ಆರ್ಮ್ ಕೆಳಗೆ ಬರುತ್ತದೆ. ಬ್ಲೇಡು ಬ್ರ್ಯಾಕೆಟ್ ಕಡೆಗೆ ವಾಲದೆ ಬುಷ್ ಕಡೆಗೇ ವಾಲಿರಲಿ, ಬುಷ್ ಹೇಗೂ ಬಿಸಾಡುವುದೇ. ಹಾಗಾಗಿ ಕೆಲಸ ಶುರು ಮಾಡುವ ಮೊದಲೇ ಹೊಸ ಕ್ಯಾಮ್ ಬೋಲ್ಟ್, ವಾಷರ್, ನಟ್ ತಂದಿಟ್ಟುಕೊಳ್ಳಿ. ಗಾಡಿ ಸ್ಟ್ಯಾಂಡಿನ ಮೇಲೆ ನಿಂತಿರುವಾಗ ಬೋಲ್ಟಿಗಾಗಿ ಅಲೆಯುವ ಕಷ್ಟ ಯಾರಿಗೂ ಬೇಡ.

ಹೊಸ ಬೋಲ್ಟಿನ ನಯವಾದ ಕಾಂಡಕ್ಕೆ ತುಕ್ಕು ತಡೆಯುವ ಪೇಸ್ಟನ್ನು ತೆಳ್ಳಗೆ ಸವರಿ. ಎಳೆಗಳಿಗೆ ಮಾತ್ರ ಹಚ್ಚಬೇಡಿ. ಒಣ ಎಳೆಗೆಂದು ಕೊಟ್ಟಿರುವ ಟಾರ್ಕ್ ಅನ್ನು ಜಿಡ್ಡಿನ ಎಳೆಗೆ ಕೊಟ್ಟರೆ ಬೋಲ್ಟ್ ಮಿತಿಮೀರಿ ಬಿಗಿಯುತ್ತದೆ.

ಉತ್ತರ 4

ಮೇಲಿನ ಮೂವರೂ ಒಳ್ಳೆಯ ಮಾತುಗಳನ್ನೇ ಹೇಳಿದ್ದಾರೆ. ಆದರೆ ಕೊನೆಯ ಬಿಗಿತದ ಬಗ್ಗೆ ಯಾರೂ ಹೇಳಲಿಲ್ಲ, ನನ್ನ ಕೆಲಸವೆಲ್ಲ ಹಾಳಾದದ್ದು ಅಲ್ಲಿಯೇ. ಆದ್ದರಿಂದ ಸ್ವಲ್ಪ ದೀರ್ಘವಾಗಿ ಬರೆಯುತ್ತಿದ್ದೇನೆ.

ಬುಷ್ ಎಂದರೆ ಬೇರಿಂಗ್‌ನಂತೆ ಒಂದರೊಳಗೆ ಒಂದು ತಿರುಗುವ ವಸ್ತು ಎಂದೇ ನಾನೂ ಭಾವಿಸಿದ್ದೆ. ರಬ್ಬರ್ ಬುಷ್‌ನಲ್ಲಿ ಯಾವುದೂ ತಿರುಗುವುದಿಲ್ಲ. ಹೊರಗಿನ ಕವಚ ಆರ್ಮ್‌ನಲ್ಲಿ ಬಿಗಿಯಾಗಿ ಕುಳಿತಿದೆ, ರಬ್ಬರ್ ಕವಚಕ್ಕೂ ಒಳ ಸ್ಲೀವ್‌ಗೂ ಅಂಟಿಕೊಂಡಿದೆ, ಬೋಲ್ಟ್ ಬಿಗಿದಾಗ ಒಳ ಸ್ಲೀವ್‌ನ ಎರಡು ತುದಿಗಳು ಬ್ರ್ಯಾಕೆಟ್‌ಗೆ ಕಚ್ಚಿಕೊಂಡು ಅಲುಗದಂತಾಗುತ್ತವೆ. ಸ್ಲೀವ್‌ನ ತುದಿಯನ್ನು ಬೆರಳಿನಿಂದ ಸವರಿ ನೋಡಿ, ಹಲವು ಬುಷ್‌ಗಳಲ್ಲಿ ಅಲ್ಲಿ ಸಣ್ಣ ಹಲ್ಲುಗಳಿರುತ್ತವೆ. ಕಚ್ಚಿ ಹಿಡಿಯಲೆಂದೇ ಅವನ್ನು ಮಾಡಿರುವುದು. ಆರ್ಮ್ ಮೇಲೆ ಕೆಳಗೆ ಆಡಿದಾಗಲೆಲ್ಲ ರಬ್ಬರ್ ಹಿಂಡಿದ ಬಟ್ಟೆಯಂತೆ ತಿರುಚಿಕೊಂಡು ಮತ್ತೆ ಬಿಚ್ಚಿಕೊಳ್ಳುತ್ತದೆ. ಬೋಲ್ಟ್ ಬಿಗಿದ ಕ್ಷಣದಲ್ಲಿ ಆರ್ಮ್ ಯಾವ ಕೋನದಲ್ಲಿತ್ತೋ ಅದೇ ರಬ್ಬರಿನ ವಿಶ್ರಾಂತಿಯ ಸ್ಥಿತಿ.

ನಾನು ಗಾಡಿಯನ್ನು ಸ್ಟ್ಯಾಂಡಿನ ಮೇಲಿಟ್ಟು, ಚಕ್ರಗಳು ಕೆಳಗೆ ತೂಗುತ್ತಿರುವಾಗಲೇ ಬೋಲ್ಟ್‌ಗಳನ್ನು ಪೂರ್ತಿ ಟಾರ್ಕ್‌ಗೆ ಬಿಗಿದೆ. ಕೈ ಆಡಿಸಲು ಜಾಗ ಧಾರಾಳವಾಗಿತ್ತು, ರೆಂಚ್ ‘ಟಕ್’ ಎಂದಿತು, ಕೆಲಸ ಮುಗಿಯಿತೆಂದುಕೊಂಡೆ. ಲೋಯರ್ ಆರ್ಮ್ 400 ಮಿಲಿಮೀಟರ್ ಉದ್ದವಿದ್ದು, ಮಾಮೂಲಿ ನಿಲುವಿಗಿಂತ ಚಕ್ರ 100 ಮಿಲಿಮೀಟರ್ ಕೆಳಗೆ ತೂಗಿತ್ತು ಎಂದು ಇಟ್ಟುಕೊಳ್ಳಿ, ಆರ್ಮ್ ಸುಮಾರು 14 ಡಿಗ್ರಿ ಕೆಳಕ್ಕೆ ಬಾಗಿರುತ್ತದೆ. ಗಾಡಿಯನ್ನು ನೆಲಕ್ಕಿಳಿಸಿದ ಕೂಡಲೇ ರಬ್ಬರ್ ಆ 14 ಡಿಗ್ರಿ ತಿರುಚಿಕೊಂಡಿತು, ರಾತ್ರಿ ಹಗಲು ಹಾಗೆಯೇ ತಿರುಚಿಕೊಂಡು ನಿಂತಿತು. ಗುಂಡಿ ಬಿದ್ದು ಚಕ್ರ ಇನ್ನೂ ಮೇಲೆ ಹೋದಾಗ ಅದರ ಮೇಲೆ ಮತ್ತಷ್ಟು ತಿರುಚು. ಮುಂಭಾಗ ಮೊದಲಿಗಿಂತ ತುಸು ಎತ್ತರವಾಗಿ ನಿಂತದ್ದನ್ನು ಹೊಸ ರಬ್ಬರಿನ ಬಲ ಎಂದುಕೊಂಡು ಸಂತೋಷಪಟ್ಟಿದ್ದೆ. ಎಂಟು ತಿಂಗಳಲ್ಲಿ ನಾಲ್ಕೂ ಬುಷ್‌ಗಳ ರಬ್ಬರ್ ಒಳ ಸ್ಲೀವ್‌ನಿಂದ ಸುತ್ತಲೂ ಬಿಟ್ಟುಕೊಂಡಿತ್ತು. ಬುಷ್‌ಗಳ ಗುಣಮಟ್ಟವನ್ನು ಬಹಳ ದಿನ ದೂರಿದೆ. ತಪ್ಪು ನಾನು ಬಿಗಿದ ಭಂಗಿಯಲ್ಲಿತ್ತು.

ಈಗ ನಾನು ಮಾಡುವ ಕ್ರಮ ಹೀಗಿದೆ. ಗಾಡಿಯನ್ನು ಎತ್ತುವ ಮೊದಲೇ ಸಮತಟ್ಟಾದ ನೆಲದಲ್ಲಿ ಚಕ್ರದ ನಟ್ಟನಡುವಿನಿಂದ ಅದರ ನೇರ ಮೇಲಿರುವ ಮಡ್‌ಗಾರ್ಡಿನ ಅಂಚಿನವರೆಗೆ ಎಷ್ಟು ಅಂತರವಿದೆ ಎಂದು ಎರಡೂ ಬದಿಯಲ್ಲಿ ಅಳೆದು, ಮಡ್‌ಗಾರ್ಡಿನ ಮೇಲೆ ಟೇಪು ಅಂಟಿಸಿ ಅದರಲ್ಲೇ ಬರೆಯುತ್ತೇನೆ. ಜೋಡಣೆಯ ವೇಳೆ ಆರ್ಮ್‌ನ ಬೋಲ್ಟ್‌ಗಳನ್ನು ಆಟವಿಲ್ಲದಷ್ಟು ಮಾತ್ರ ಬಿಗಿದು, ಉಳಿದ ಎಲ್ಲವನ್ನೂ ಮುಗಿಸುತ್ತೇನೆ. ಬಾಲ್ ಜಾಯಿಂಟಿನ ನಟ್ಟನ್ನು ಟಾರ್ಕ್‌ಗೆ ಬಿಗಿದ ಮೇಲೆ ಸ್ಪ್ಲಿಟ್ ಪಿನ್ನಿನ ರಂಧ್ರ ಹೊಂದದಿದ್ದರೆ ಮುಂದಿನ ಸಂದು ಬರುವವರೆಗೆ ಇನ್ನಷ್ಟು ಬಿಗಿಯಬೇಕೇ ಹೊರತು ಸಡಿಲಿಸಬಾರದು. ಪಿನ್ ಪ್ರತಿಬಾರಿಯೂ ಹೊಸದೇ ಆಗಬೇಕು. ಆಮೇಲೆ ಚಕ್ರ ಹಾಕಿ ಗಾಡಿಯನ್ನು ನೆಲಕ್ಕಿಳಿಸಿ, ಎರಡು ಅಡಿ ಹಿಂದಕ್ಕೂ ಮುಂದಕ್ಕೂ ಸರಿಸಿ, ಮುಂಭಾಗವನ್ನು ಕೈಯಿಂದ ನಾಲ್ಕೈದು ಬಾರಿ ಅದುಮಿ ಬಿಡುತ್ತೇನೆ. ಟೇಪಿನ ಮೇಲಿನ ಅಳತೆ ಹೆಚ್ಚುಕಡಿಮೆ ಬಂದಾಗ, ಚಕ್ರದ ಮೇಲೆ ಭಾರವಿರುವಂತೆಯೇ, ಕ್ಯಾಮ್ ಗುರುತುಗಳನ್ನು ಹೊಂದಿಸಿ ಕೊನೆಯ ಬಿಗಿತ ಕೊಡುತ್ತೇನೆ. ಪಿಕಪ್ ನೆಲದಿಂದ ಎತ್ತರವಿರುವುದರಿಂದ ಪಕ್ಕದಿಂದಲೇ ಕೈ ಹೋಗುತ್ತದೆ. ಹೋಗದಿದ್ದರೆ ಛಾಸಿ ಸ್ಟ್ಯಾಂಡಿನ ಮೇಲಿರುವಾಗಲೇ ಲೋಯರ್ ಆರ್ಮ್‌ನ ಹೊರ ತುದಿಗೆ ಜಾಕ್ ಕೊಟ್ಟು ಆ ಅಳತೆ ಬರುವವರೆಗೆ ಎತ್ತಿ ಬಿಗಿಯಬಹುದು. ಗಾಡಿ ಸ್ಟ್ಯಾಂಡಿನಿಂದ ಮೇಲೇಳುವ ಸೂಚನೆ ಕಂಡರೆ ಅಲ್ಲಿಗೇ ನಿಲ್ಲಿಸಿ, ಇಳಿಸಿ, ಮೊದಲ ದಾರಿಯನ್ನೇ ಹಿಡಿಯಿರಿ.

ಟಾರ್ಕ್ ಎಷ್ಟು ಎನ್ನುವುದನ್ನು ತಮ್ಮ ಗಾಡಿಯ ಸರ್ವಿಸ್ ಪುಸ್ತಕದಿಂದಲೇ ತೆಗೆದುಕೊಳ್ಳಿ. ಹಲವು ಪಿಕಪ್‌ಗಳಲ್ಲಿ ಇದು 100 ನ್ಯೂಟನ್ ಮೀಟರ್‌ಗಿಂತ ಹೆಚ್ಚೇ ಇರುತ್ತದೆ, ಅಂದಾಜಿನ ಮೇಲೆ ಬಿಗಿಯುವ ಬೋಲ್ಟ್ ಇದಲ್ಲ.

ಉತ್ತರ 5

ಪಾಲಿಯುರೆಥೇನ್ ವಿಷಯ ಹಾಗೇ ಉಳಿದಿದೆ. ಅದು ಎಣ್ಣೆಗೆ ಹೆದರುವುದಿಲ್ಲ, ರಬ್ಬರಿನಂತೆ ಬೇಗ ಹರಿಯುವುದೂ ಇಲ್ಲ, ಎರಡು ಅರ್ಧಗಳಾಗಿ ಬರುವಂಥದ್ದನ್ನು ವೈಸ್‌ನಲ್ಲಿಟ್ಟೇ ಕೂರಿಸಬಹುದು. ಅದರಲ್ಲಿ ಒಳ ಸ್ಲೀವ್ ಅಂಟಿರುವುದಿಲ್ಲ, ನಿಜವಾಗಿಯೂ ಒಳಗೆ ತಿರುಗುತ್ತದೆ. ಹಾಗಾಗಿ ಉತ್ತರ 4ರಲ್ಲಿ ಹೇಳಿದ ತಿರುಚಿನ ತೊಂದರೆ ಅಷ್ಟಾಗಿ ಇಲ್ಲ, ಅದರ ಬದಲು ಗ್ರೀಸಿನ ತೊಂದರೆ ಇದೆ: ಸಿಲಿಕೋನ್ ಗ್ರೀಸ್ ಒಣಗಿದ ದಿನದಿಂದ ಪ್ರತಿ ಉಬ್ಬಿನ ಮೇಲೂ ಕೀರಲು ಶಬ್ದ ಬರುತ್ತದೆ. ರಸ್ತೆಯ ಸಣ್ಣ ಅದುರಾಟವೂ ಛಾಸಿಗೆ ದಾಟುತ್ತದೆ. ಹೊರೆ ಹೊತ್ತು ದಿನವಿಡೀ ಓಡುವ ಗಾಡಿಯಲ್ಲಿ ಕುಳಿತುಕೊಳ್ಳುವವರು ಮನುಷ್ಯರು ಎನ್ನುವುದನ್ನು ನೆನೆದರೆ ನನ್ನ ಆಯ್ಕೆ ರಬ್ಬರ್. ತಮ್ಮ ಮೂಲ ಬುಷ್‌ಗಳು ಹದಿನಾಲ್ಕು ವರ್ಷ ಬಾಳಿವೆ ಎಂದಾದರೆ ರಬ್ಬರಿನ ಮೇಲೆ ದೂರು ಹೇಳಲು ಕಾರಣವೂ ಕಾಣೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಕೆಲಸ ಮುಗಿದಿದೆ. ನಡೆದದ್ದನ್ನು ತಿಳಿಸುವುದು ನನ್ನ ಕರ್ತವ್ಯ.

ವಿಡಿಯೊ ತೆಗೆದು ನೋಡಿದಾಗ ಬ್ರೇಕ್ ಹಿಡಿದ ಕ್ಷಣದಲ್ಲಿ ಹಿಂದಿನ ಬುಷ್‌ನಲ್ಲಿ ಆರ್ಮ್ ಕಣ್ಣಿಗೆ ಕಾಣುವಷ್ಟು ಹಿಂದಕ್ಕೆ ಜಿಗಿಯುತ್ತಿತ್ತು, ‘ದಡ್’ ಶಬ್ದ ಅದೇ ಕ್ಷಣಕ್ಕೆ ಸರಿಯಾಗಿ ಕೂಡಿತು. ಬಾಲ್ ಜಾಯಿಂಟ್‌ಗಳಲ್ಲಿ ಆಟವಿರಲಿಲ್ಲ. ಬಲ ಬದಿಯ ಎರಡು ಕ್ಯಾಮ್ ಬೋಲ್ಟ್‌ಗಳು ನಾಲ್ಕು ದಿನ ಎಣ್ಣೆ ಕುಡಿದ ಮೇಲೆ ಸುತ್ತಿಗೆಗೆ ಬಂದವು. ಎಡ ಬದಿಯ ಎರಡನ್ನೂ ಕೊಯ್ಯಬೇಕಾಯಿತು. ಕೊಯ್ದ ತುಂಡನ್ನು ಕೈಯಲ್ಲಿ ಹಿಡಿದು ನೋಡಿದರೆ ಬೋಲ್ಟ್ ಎಲ್ಲಿ ಮುಗಿದು ಸ್ಲೀವ್ ಎಲ್ಲಿ ಶುರುವಾಗುತ್ತದೆ ಎಂದು ತಿಳಿಯದಷ್ಟು ಅವು ಒಂದಾಗಿದ್ದವು; ಕಂದು ಬಣ್ಣದ ತೆಳುವಾದ ಒಂದು ಉಂಗುರ ಮಾತ್ರ ಕಾಣುತ್ತಿತ್ತು. ಹೊಸ ಬೋಲ್ಟ್‌ಗಳನ್ನು ಮೊದಲೇ ತಂದಿಡಿ ಎಂದವರಿಗೆ ವಿಶೇಷವಾಗಿ ಋಣಿಯಾಗಿದ್ದೇನೆ.

ಬಾಲ್ ಜಾಯಿಂಟ್ ಬಿಡಿಸಲು ಕವೆಗೋಲಿನಂಥ ಉಳಿ ಬಳಸದೆ ಪುಲ್ಲರ್ ಬಳಸಿದ್ದರಿಂದ ರಬ್ಬರ್ ಟೋಪಿ ಹರಿಯಲಿಲ್ಲ. ಕ್ಯಾಲಿಪರ್ ಅನ್ನು ಬ್ರೇಕ್ ಹೋಸ್‌ನಲ್ಲಿ ತೂಗಲು ಬಿಡದೆ ತಂತಿಯಿಂದ ಛಾಸಿಗೆ ಕಟ್ಟಿದೆ. ಮುಂದಿನ ಚಕ್ರಗಳಿಗೂ ಎಂಜಿನ್ ಶಕ್ತಿ ಹೋಗುವ ಗಾಡಿಯವರು ಆಕ್ಸಲ್ ಹೊರಕ್ಕೆ ಎಳೆದುಕೊಳ್ಳದಂತೆ ಅದಕ್ಕೂ ಆಧಾರ ಕೊಡಬೇಕು ಎನ್ನುವುದನ್ನು ಸೇರಿಸುತ್ತೇನೆ. ಥ್ರೆಡ್ ರಾಡ್‌ನಿಂದ ಮೂರು ಬುಷ್‌ಗಳು ಸದ್ದಿಲ್ಲದೆ ಜಾರಿ ಬಂದವು. ನಾಲ್ಕನೆಯದು ಮೊಂಡು ಹಿಡಿದು, ರಬ್ಬರ್ ಕೊರೆದು ಕವಚ ಕೊಯ್ಯುವುದರಲ್ಲಿ ಒಂದು ಮಧ್ಯಾಹ್ನ ಕಳೆಯಿತು. ಹೊಸದನ್ನು ಕೂರಿಸುವಾಗ ಮೊದಲ ಬುಷ್ ಸ್ವಲ್ಪ ಓರೆಯಾಗಿ ಹಿಡಿದುಕೊಂಡಿತು. ಅಲ್ಲಿಗೇ ನಿಲ್ಲಿಸಿ, ಹಿಂದಕ್ಕೆ ತೆಗೆದು, ರಂಧ್ರದ ಬಾಯಂಚಿನಲ್ಲಿದ್ದ ಮುಳ್ಳನ್ನು ಅರದಿಂದ ಉಜ್ಜಿದ ಮೇಲೆ ನೇರವಾಗಿ ಹೋಯಿತು. ಕೊನೆಯ ಬಿಗಿತವನ್ನು ಗಾಡಿ ನೆಲದ ಮೇಲಿರುವಾಗಲೇ ಕೊಟ್ಟೆ.

ಶಬ್ದ ಪೂರ್ತಿ ಹೋಗಿದೆ. ಆದರೆ ಕ್ಯಾಮ್‌ಗಳನ್ನು ಹಳೆಯ ಗುರುತಿಗೇ ತಂದಿದ್ದರೂ ಸ್ಟೀರಿಂಗ್ ನೇರವಾಗಿ ನಿಲ್ಲದೆ ತುಸು ಬಲಕ್ಕೆ ವಾಲಿದೆ. ಇದು ನನ್ನ ಜೋಡಣೆಯ ದೋಷವೇ?

ಉತ್ತರ 6

ದೋಷವಲ್ಲ. ಹಳೆಯ ಗುರುತುಗಳು ಕುಸಿದ ಬುಷ್‌ಗಳಿಗೆ ಹೊಂದಿಸಿದ್ದವು. ಕೊನೆಯ ಬಾರಿ ಅಲೈನ್‌ಮೆಂಟ್ ಮಾಡಿದವರು ಪಕ್ಕಕ್ಕೆ ಸರಿದ ಸ್ಲೀವ್‌ನ ತಪ್ಪನ್ನು ಕ್ಯಾಮ್‌ನಿಂದ ಸರಿದೂಗಿಸಿರುತ್ತಾರೆ. ಈಗ ಸ್ಲೀವ್ ನಡುವಿಗೆ ಬಂದಿದೆ, ಸರಿದೂಗಿಸಿದ್ದು ಮಾತ್ರ ಉಳಿದಿದೆ. ಗುರುತುಗಳು ಅಲೈನ್‌ಮೆಂಟ್ ಮಾಡುವ ಜಾಗದವರೆಗೆ ಗಾಡಿಯನ್ನು ಕ್ಷೇಮವಾಗಿ ಓಡಿಸಲು ಸಾಕು, ಅದಕ್ಕಿಂತ ಹೆಚ್ಚಿಗೆ ಅಲ್ಲ. ಟೈರಿನ ಒಳ ಅಂಚು ಈಗಾಗಲೇ ಸವೆದಿರುವುದರಿಂದ ತಡ ಮಾಡಬೇಡಿ. ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರದ ವಾಲು) ಮತ್ತು ಕ್ಯಾಸ್ಟರ್ (ಪಕ್ಕದಿಂದ ನೋಡಿದಾಗ ಸ್ಟೀರಿಂಗ್ ಅಕ್ಷದ ವಾಲು) ಅನ್ನು ಮೊದಲು ಹೊಂದಿಸಿ ಟೋ-ಇನ್ (ಎರಡು ಚಕ್ರಗಳ ಮುಂತುದಿಗಳು ಒಳಕ್ಕೆ ತಿರುಗಿರುವ ಅಳತೆ) ಅನ್ನು ಕೊನೆಗೆ ಹೊಂದಿಸಬೇಕು, ಏಕೆಂದರೆ ಕ್ಯಾಮ್ ತಿರುಗಿಸಿದಾಗಲೆಲ್ಲ ಟೋ-ಇನ್ ಕೂಡ ಬದಲಾಗುತ್ತದೆ. ಅಲೈನ್‌ಮೆಂಟ್ ಮಾಡುವವರು ಕ್ಯಾಮ್ ಬೋಲ್ಟ್ ಸಡಿಲಿಸಿ ಮತ್ತೆ ಬಿಗಿಯುವಾಗ ಚಕ್ರಗಳ ಮೇಲೆ ಭಾರ ಇರಲೇಬೇಕು ಎಂದು ಮೊದಲೇ ತಿಳಿಸಿ, ಪುಸ್ತಕದಲ್ಲಿರುವ ಟಾರ್ಕ್ ಅನ್ನು ಒಂದು ಚೀಟಿಯಲ್ಲಿ ಬರೆದು ಅವರ ಕೈಗೆ ಕೊಡಿ.